ನಕಲು ಮಾಡಿದರೆ ಜಾಗ ಬಿಡುವ ಅರ್ಕಾವತ್ತು

ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ಮೊನ್ನೆ ಯಾವುದೋ ಇಲಾಖೆಯ ಸುತ್ತೋಲೆಯ ಪಿಡಿಎಫ್‌ನಿಂದ ‘ಕಾರ್ಯದರ್ಶಿ’ಯನ್ನು ನಕಲು ಮಾಡಿ ಅಂಟಿಸಿದರೆ ಬಂದದ್ದು ‘ಕಾಯರ್ದಶಿರ್’. ಪರದೆಯ ಮೇಲೆ ಮಾತ್ರ ಮುತ್ತಿನಂಥ ಅಕ್ಷರ!

ಪಿಡಿಎಫ್ ಪುಟದಲ್ಲಿ ಕೂರುವುದು ಅಕ್ಷರಗಳಲ್ಲ, ಅವುಗಳ ಆಕಾರಗಳು. ‘ರ್ಯ’ವನ್ನೇ ನೋಡಿ: ಯೂನಿಕೋಡ್‌ನಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಅಚ್ಚಿನಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ. ಆಕಾರದಿಂದ ಅಕ್ಷರಕ್ಕೆ ಮರಳಿಸುವ ‘ಟುಯೂನಿಕೋಡ್’ ಪಟ್ಟಿ ಒಂದೊಂದು ಆಕಾರ ಯಾವುದೆಂದು ಹೇಳೀತೇ ಹೊರತು ಸರದಿ ತಿದ್ದಲಾರದು. ಇಂಗ್ಲಿಷಿನ ಎಫ್-ಐ ಜೋಡಕ್ಷರಕ್ಕೆ ಅಷ್ಟು ಸಾಕು, ನಮಗೆ ಸಾಲದು.

ಮದ್ದು ಹೊಸದೇನಲ್ಲ. 2001ರ ಪಿಡಿಎಫ್ 1.4ರಲ್ಲೇ ‘ಆಕ್ಚುವಲ್‌ಟೆಕ್ಸ್ಟ್’ ಇದೆ: ಆಕಾರಗಳ ಬೆನ್ನಿಗೆ ಮೂಲ ಪಠ್ಯವನ್ನೇ ಕಟ್ಟಿಕೊಡುವ ಸೌಲಭ್ಯ. ಅಕ್ಷರ ಜೋಡಣೆಯ ತಂತ್ರಾಂಶವಾದ ಝೀಟೆಕ್ ಬಳಸುವವರಿಗಂತೂ ಒಂದೇ ಸಾಲಿನ ಆಜ್ಞೆ. ಆದರೂ ಕೇಳುವವರಿಲ್ಲ, ನೋಡಲು ಚೆಂದವಿದ್ದರೆ ಮುಗಿಯಿತು.

ನನ್ನ ಗೋಳು ಸಣ್ಣದು, ಮತ್ತೆ ಟೈಪ್ ಮಾಡಿಕೊಳ್ಳುತ್ತೇನೆ. ಆದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಈ ಕೆಟ್ಟ ಸರದಿಯನ್ನೇ. ಕಡತದಲ್ಲಿ ಪದ ಹುಡುಕಿದರೂ ಸಿಗದು. ಮುದ್ರಣದ ಟೆಂಡರಿನಲ್ಲಿ ಕಾಗದದ ಜಿಎಸ್‌ಎಂ ಎಷ್ಟೆಂದು ಬರೆಯುವ ಅಧಿಕಾರಿಗಳು ‘ನಕಲು ಮಾಡಿದ ಪಠ್ಯ ಮೂಲದಂತೆಯೇ ಬರಬೇಕು’ ಎಂದೂ ಸೇರಿಸಲಿ. ಬರದಿದ್ದರೆ ಬಿಲ್ ಪಾಸಾಗುವುದು ಬೇಡ.