ಬೆಳ್ಳಿ ಟೀಪಾಟಿನ ಬಿಲ್ಲು ಕಟ್ಟಿದವರು

ರೈಲು ಕಂಪನಿಯ ಹೆಸರು ಕೆತ್ತಿದ ಟೀಪಾಟ್, ಹಡಗು ಕಂಪನಿಯ ಮುದ್ರೆಯಿರುವ ಸೂಪ್ ಬಟ್ಟಲು, ಹಿಡಿಯ ಮೇಲೆ ಹೂಬಳ್ಳಿ ಬಿಡಿಸಿದ ಚಮಚ ಈಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ‘ಪರಂಪರೆ’ಯ ಬೆಲೆಗೆ ಮಾರಾಟವಾಗುತ್ತವೆ. ಕೊಂಡವರು ಗಾಜಿನ ಕಪಾಟಿನಲ್ಲಿಟ್ಟು, ಆ ಕಾಲದ ವೈಭವವೇ ಬೇರೆ ಎನ್ನುತ್ತಾರೆ. ಯಾರ ವೈಭವ? ವೈಸ್‌ರಾಯ್ ರಿಪ್ಪನ್‌ನ ಹೆಸರನ್ನು ಇಂದಿಗೂ ಹೊತ್ತಿರುವ ರಿಪ್ಪನ್‌ಪೇಟೆಯಿಂದ ಈ ಪ್ರಶ್ನೆ ಕೇಳುತ್ತಿದ್ದೇನೆ.

ಮೊದಲು ಆ ಪಾತ್ರೆಯನ್ನು ಬೋರಲು ಹಾಕಿ ನೋಡಿ. ಎಷ್ಟೋ ಪಾತ್ರೆಗಳ ಅಡಿಯಲ್ಲಿ ‘ಇಪಿಎನ್‌ಎಸ್’ ಎಂದು ಒತ್ತಿರುತ್ತದೆ. ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹದ ಮೇಲೆ ವಿದ್ಯುತ್ತಿನಿಂದ ಕೂರಿಸಿದ ಬೆಳ್ಳಿಯ ತೆಳು ಪದರ ಅದು. ನಮ್ಮವರು ಜರ್ಮನ್ ಸಿಲ್ವರ್ ಎನ್ನುವ ಆ ಒಳಲೋಹದಲ್ಲಿ ಗುಲಗಂಜಿ ತೂಕದ ಬೆಳ್ಳಿಯೂ ಇಲ್ಲ. 1840ರಲ್ಲಿ ಬರ್ಮಿಂಗ್‌ಹ್ಯಾಂನ ಎಲ್ಕಿಂಗ್ಟನ್‌ರು ಈ ವಿದ್ಯೆಗೆ ಪೇಟೆಂಟ್ ಪಡೆದರು. ಕುಲುಕುವ ಬೋಗಿಯಲ್ಲಿ, ಓಲಾಡುವ ಹಡಗಿನಲ್ಲಿ ಬಿದ್ದರೂ ಒಡೆಯದ, ಕಡಿಮೆ ಖರ್ಚಿನಲ್ಲಿ ಅರಮನೆಯ ಹೊಳಪು ಕೊಡುವ ಪಾತ್ರೆ ಕಂಪನಿಗಳಿಗೆ ಬೇಕಿತ್ತು, ಸಿಕ್ಕಿತು. ಕೆಲ್ನರ್, ಸ್ಪೆನ್ಸರ್‌ನಂಥ ಕಂಪನಿಗಳು ನಮ್ಮ ರೈಲು ದಾರಿಗಳಲ್ಲಿ ಸಾಹೇಬರಿಗೆ ಊಟ ಬಡಿಸಿದವು. ಮಾಸಿದ ಪಾತ್ರೆಯನ್ನು ಉಜ್ಜಿ ಹೊಳೆಸಿದ ಕೈ ನಮ್ಮ ಜನರದು. ಅವರ ಹೆಸರು ಯಾವ ಚಮಚದ ಮೇಲೂ ಇಲ್ಲ.

ದುಡ್ಡು ಯಾರದು? ಥರ್ಡ್ ಕ್ಲಾಸ್ ಬೋಗಿಯಲ್ಲಿ ಉಸಿರುಗಟ್ಟಿ ನಿಂತವರದು. 1917ರಲ್ಲಿ ಗಾಂಧೀಜಿ ಆ ನರಕದ ಬಗ್ಗೆ ಬರೆದಾಗ ನೇರವಾಗಿಯೇ ಹೇಳಿದರು: ಮೇಲಿನ ದರ್ಜೆಗಳ ಸುಖದ ಖರ್ಚನ್ನು ಹೊರುತ್ತಿರುವವರು ಮೂರನೇ ದರ್ಜೆಯವರು.

ಬಿಳಿಯರನ್ನು ಬೈದು ಕೈತೊಳೆದುಕೊಳ್ಳಲೂ ನಾನು ಬಿಡುವುದಿಲ್ಲ. ದಕ್ಷಿಣದ ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೇ ಬೇರೆ ಜಾಗವಿತ್ತು. ಪೆರಿಯಾರ್ ಹೋರಾಡಿದ ಮೇಲೆ, 1941ರಲ್ಲಿ, ಅದು ತೊಲಗಿತು. 1901ರಲ್ಲಿ ಬಾಲಕ ಅಂಬೇಡ್ಕರ್ ಜೊತೆಗಿದ್ದ ಮಕ್ಕಳೊಂದಿಗೆ ಮಸೂರು ನಿಲ್ದಾಣದಲ್ಲಿ ಇಳಿದಾಗ, ಜಾತಿ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರನ ಮುಖವೇ ಬದಲಾಯಿತು. ಬುತ್ತಿಯಲ್ಲಿ ಅನ್ನವಿದ್ದೂ ಕುಡಿಯಲು ನೀರು ಸಿಗದೆ ಆ ಮಕ್ಕಳು ರಾತ್ರಿಯೆಲ್ಲ ಹಸಿದೇ ಕಳೆದರು. ಬೆಳ್ಳಿ ಟೀಪಾಟ್ ಹೊಳೆಯುತ್ತಿದ್ದದ್ದು ಇಂಥ ದೇಶದಲ್ಲಿ. ಈ ಚರಿತ್ರೆಯನ್ನು ಒರೆಸಿ ಹಾಕಿ ಪಾತ್ರೆಯನ್ನಷ್ಟೇ ಮೆರೆಸುವುದು ಸುಳ್ಳು.

ನಮ್ಮ ಸೀಮೆಯ ಚರಿತ್ರೆಯನ್ನು ಬದಲಿಸಿದ ಪಾತ್ರೆ ಬೇರೆಯೇ ಇದೆ. ಅದು ಕೊಳಗ. ಗೇಣಿ ಬತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಹಿಡಿದು, ದುಡಿದವನ ಮನೆಯ ಅನ್ನವನ್ನು ಬಾಚಿಕೊಂಡರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಒಕ್ಕಲುಗಳು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಆ ಅನ್ಯಾಯಕ್ಕೆ ಎದುರು ನಿಂತರು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ಉಳುವವನಿಗೆ ನೆಲ ಕೊಟ್ಟ 1974ರ ಕಾನೂನಿನ ಹಿಂದೆ ಕಾಗೋಡಿನ ಬೆವರಿದೆ.

ಅದೇ ರೈಲು ದಾರಿಯಲ್ಲಿ, ರಿಪ್ಪನ್‌ಪೇಟೆಗೆ ಹತ್ತಿರದ ಅರಸಾಳಿನಲ್ಲಿ, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಹಳೆಯ ನಿಲ್ದಾಣ 2020ರಲ್ಲಿ ಮ್ಯೂಸಿಯಂ ಆಯಿತು. ಆ ಕಟ್ಟಡ ಉಳಿದದ್ದಕ್ಕೆ ನನಗೂ ಸಂತೋಷವಿದೆ. ಆದರೆ ರೈಲಿನ ನೆನಪು ಕಾಪಾಡುವವರಿಗೆ ನನ್ನ ಬೇಡಿಕೆ ಒಂದೇ. ಟೀಪಾಟ್ ಇಡುವುದಾದರೆ ಇಡಿ, ಅದರ ಪಕ್ಕದಲ್ಲಿ ಥರ್ಡ್ ಕ್ಲಾಸ್ ಟಿಕೆಟ್ಟನ್ನೂ ಇಡಿ. ಲೋಹಿಯಾ ಬಂಧನದ ಕಥೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಉಂಡವರ ಜೊತೆಗೆ ಉಪವಾಸವಿದ್ದವರ ಲೆಕ್ಕವೂ ಅಲ್ಲಿರಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಬಂಧುಗಳೇ, ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ಕೊಳಗವಿದ್ದರೆ ಗುಜರಿಗೆ ಕೊಡಬೇಡಿ. ಕೆಳಗಿಳಿಸಿ, ಮಕ್ಕಳ ಕೈಗೆ ಕೊಡಿ, ಅದರಲ್ಲಿ ಯಾರ ಅನ್ನವನ್ನು ಯಾರು ಅಳೆದುಕೊಂಡು ಹೋದರೆಂದು ಹೇಳಿ. ನಮ್ಮ ಪರಂಪರೆ ಅದು.