ಡಾಕ್ಟರ್ ಮೇಜಿನ ಮೇಲೆ ಎಐ: ನಮ್ಮ ಮಾತು ಅದಕ್ಕೆ ಅರ್ಥ ಆಗ್ತದಾ?

ಬನಿಯನ್, ಟೀ ಶರ್ಟ್ ಮಾಲಿಗೆ ಹೆಸರಾದ ತಿರುಪ್ಪೂರು ನಮ್ಮ ಬಟ್ಟೆ ವ್ಯಾಪಾರಿಗಳಿಗೆ ಹೊಸತಲ್ಲ. ಅಲ್ಲಿನ ಫ್ಯಾಕ್ಟರಿಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್‌ನ ಕಾರ್ಮಿಕರು ಸಾಕಷ್ಟು ಮಂದಿ. ಪಕ್ಕದ ಕೊಯಮತ್ತೂರಿನಲ್ಲಿ ತಮಿಳಿನ ಜೊತೆ ತೆಲುಗು, ಮಲಯಾಳಂ, ತಲೆಮಾರುಗಳಿಂದ ನೆಲೆಸಿದ ದೇವಾಂಗ ನೇಕಾರರ ಕನ್ನಡವೂ ಉಂಟು. ಇಂಥ ಕಡೆ ರೋಗಿಯ ಮಾತು ಒಂದು ಭಾಷೆ, ಡಾಕ್ಟರದ್ದು ಇನ್ನೊಂದು, ಚೀಟಿ ಇಂಗ್ಲಿಷ್. ವೈದ್ಯರ ಟಿಪ್ಪಣಿ ಬರೆಯುವ ಎಐಗೆ ನಿಜವಾದ ಪರೀಕ್ಷೆ ಈ ಕೋಣೆಯಲ್ಲೇ.

ಅದರ ಕೆಲಸ ಇಷ್ಟು: ಮಾತುಕತೆಯನ್ನು ಮೈಕ್‌ನಲ್ಲಿ ಕೇಳಿ, ಬರಹಕ್ಕಿಳಿಸಿ, ರೋಗಲಕ್ಷಣ, ಔಷಧಿ ಎಂದು ವಿಂಗಡಿಸಿ ಕೊಡುವುದು. ಡಾಕ್ಟರ್ ಸ್ಕ್ರೀನ್ ಬಿಟ್ಟು ರೋಗಿಯ ಮುಖ ನೋಡಬಹುದು. ಕ್ಯೂ ಮುಗಿಯದ ಕ್ಲಿನಿಕ್‌ನಲ್ಲಿ ಇದು ಸಣ್ಣ ಉಪಕಾರ ಅಲ್ಲ.

ತೊಂದರೆ ಇರುವುದು ಮಾತು ಅರ್ಥವಾಗದಾಗ. ಮನುಷ್ಯನಾದರೆ ‘ಏನಂದ್ರಿ?’ ಅಂತ ಕೇಳ್ತಾನೆ. ಯಂತ್ರ ಕೇಳದೆಯೇ ಏನಾದರೂ ತುಂಬಿಸಿಬಿಡಬಹುದು. ಓಪನ್‌ಎಐ ಕಂಪೆನಿಯ ‘ವಿಸ್ಪರ್’ ಬಗ್ಗೆ 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸುಮಾರು ಶೇ. 1ರಷ್ಟು ಧ್ವನಿ ತುಣುಕುಗಳ ಬರಹದಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಈ ಕಾಟವೂ ಹೆಚ್ಚು. ಅದೂ ಇಂಗ್ಲಿಷಿನಲ್ಲಿ!

ಇನ್ನು ನಮ್ಮ ಉಮ್ಮಂದಿರು ಬ್ಯಾರಿಯಲ್ಲಿ ನೋವು ಹೇಳಿಕೊಂಡರೆ? ಯಂತ್ರ ಅದನ್ನು ಮಲಯಾಳಂ ಅಂತ ತಿಳಿದರೂ ಆಶ್ಚರ್ಯ ಇಲ್ಲ. ಕೇಂದ್ರದ ‘ಭಾಷಿಣಿ’ ಯೋಜನೆಯ ಗಮನ ಮುಖ್ಯವಾಗಿ 8ನೇ ಪರಿಚ್ಛೇದದ 22 ಭಾಷೆಗಳ ಮೇಲೆ. ಬ್ಯಾರಿಯೂ ಇಲ್ಲ, ತುಳುವೂ ಇಲ್ಲ ಆ ಪಟ್ಟಿಯಲ್ಲಿ. ಕನ್ನಡದಲ್ಲೂ ಒಂದು ಸೂಕ್ಷ್ಮ ಉಂಟು: ನಾವು ‘ಇಲ್ಲ’ ಎನ್ನುವುದು ವಾಕ್ಯದ ಕೊನೆಗೆ, ಸ್ವರ ಇಳಿಯುವ ಹೊತ್ತಿಗೆ. ‘ಆ ಮಾತ್ರೆ ನನಗೆ ಆಗುವುದಿಲ್ಲ’ ಎಂಬುದರ ಬಾಲ ತುಂಡಾದರೆ ಅಲರ್ಜಿಯ ಎಚ್ಚರಿಕೆಯೇ ಮಾಯ. ಟಿಪ್ಪಣಿ ಮಾತ್ರ ನೋಡಲು ಚೊಕ್ಕ, ಸಂಶಯ ಬರುವುದೇ ಇಲ್ಲ.

ಹಾಗಾದರೆ ಒಪ್ಪಿಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ 8ನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಲ್ಲಿಯೂ ಅದೇ ಪಟ್ಟಿ.

ಆದ್ದರಿಂದ ಉಮ್ಮನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗುವ ಯುವಕ ಯುವತಿಯರೇ, ಮೇಜಿನ ಮೇಲೆ ರೆಕಾರ್ಡಿಂಗ್ ಕಂಡರೆ ಧ್ವನಿ ಎಲ್ಲಿ ಉಳಿಯುತ್ತದೆ, ಎಷ್ಟು ದಿನ ಅಂತ ಕೇಳಿ. ಹೊರಡುವ ಮೊದಲು ಔಷಧಿ, ಅಲರ್ಜಿಯ ಸಾಲುಗಳನ್ನು ಡಾಕ್ಟರರಿಂದಲೇ ಜೋರಾಗಿ ಓದಿಸಿ, ಅದನ್ನು ಉಮ್ಮನಿಗೆ ಬ್ಯಾರಿಯಲ್ಲಿ ಹೇಳಿ.