ದೀಪ ಮಿಣುಕುವ ಕಾರುಗಳು

ರಾತ್ರಿಯ ಹೊತ್ತು ಪೇಟೆಯ ರಸ್ತೆಯಲ್ಲಿ ನಿಂತು ಗಮನಿಸಿದರೆ, ಕೆಲವು ಕಾರುಗಳ ಮುಂದೀಪಗಳು ಸಂಗೀತದ ತಾಳಕ್ಕೆ ಸರಿಯಾಗಿ ಮಂಕಾಗುವುದನ್ನೂ ಬೆಳಗುವುದನ್ನೂ ಕಾಣಬಹುದು. ಒಳಗೆ ಕುಳಿತ ಯುವಕರಿಗೆ ಅದೊಂದು ಹೆಮ್ಮೆ. ಆದರೆ ಅದು ಹೆಮ್ಮೆಪಡುವ ವಿಷಯವಲ್ಲ. ತನಗೆ ಹೊರಲಾರದ ಭಾರವನ್ನು ಹೊರಿಸಲಾಗಿದೆ ಎಂದು ಆ ವಾಹನವು ಪ್ರತಿ ತಾಳಕ್ಕೊಮ್ಮೆ ದೂರುತ್ತಿದೆ, ಅಷ್ಟೆ.

ಮಗ ದುಡಿಯತೊಡಗಿದ ಮೇಲೆ ಕಾರಿಗೆ ಒಂದಿಷ್ಟು ಸಿಂಗಾರ ಮಾಡಿಸಿದರೆ ಮನೆಯ ಹಿರಿಯರು ತಕರಾರು ಮಾಡುವುದಿಲ್ಲ. ಹಾಡು ಕೇಳುವುದೇ ತಪ್ಪೆಂಬ ವಾದವನ್ನು ಹೂಡುವುದು ಇಲ್ಲಿ ನಮ್ಮ ಉದ್ದೇಶವೂ ಅಲ್ಲ. ನಮ್ಮ ಪ್ರಶ್ನೆ ಬೇರೆ. ಸಾವಿರಾರು ರೂಪಾಯಿಯ ಆಂಪ್ಲಿಫೈಯರ್ ಮತ್ತು ವೂಫರ್‌ಗಳನ್ನು ಖರೀದಿಸುವವನು ಅವುಗಳಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯಾದರೂ ಯೋಚಿಸಿದ್ದಾನೆಯೇ?

ಲೆಕ್ಕ ಕಷ್ಟದ್ದೇನೂ ಅಲ್ಲ. ನಿಜವಾಗಿ 1000 ವಾಟ್ ಹೊರಸೂಸುವ ಉತ್ತಮ ಆಂಪ್ಲಿಫೈಯರ್‌ಗೆ ಸುಮಾರು 1250 ವಾಟ್ ಒಳಹರಿಯಬೇಕು. ಉಳಿದದ್ದು ಶಾಖವಾಗಿ ಹೋಗುತ್ತದೆ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಹೆಚ್ಚುಕಡಿಮೆ 13.8 ವೋಲ್ಟ್. ಅಂದರೆ ಪೂರ್ಣ ಸದ್ದಿನಲ್ಲಿ 90 ಆಂಪಿಯರ್ ಬೇಕು. ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರ್ ಸಣ್ಣ ಕಾರುಗಳಲ್ಲಿ ಒಟ್ಟಾರೆ ಕೊಡುವುದೇ ಸಾಮಾನ್ಯವಾಗಿ 70ರಿಂದ 90 ಆಂಪಿಯರ್. ಅದರಲ್ಲಿ ದೀಪ, ಎ.ಸಿ., ರೇಡಿಯೇಟರ್ ಫ್ಯಾನ್, ಇಂಧನ ಪಂಪುಗಳ ಪಾಲು ಬೇರೆ. ಸಿಗ್ನಲ್‌ನಲ್ಲಿ ನಿಂತಾಗಲಂತೂ ಅದು ಕೊಡುವುದು ಇನ್ನೂ ಕಡಿಮೆ. ಸಂಗೀತವು ಸದಾ ಪೂರ್ಣ ಸದ್ದಿನಲ್ಲಿ ಇರುವುದಿಲ್ಲ, ಸರಾಸರಿ ಬೇಡಿಕೆ ಇದರ ಒಂದು ಅಂಶ ಮಾತ್ರ ಎಂಬುದು ನಿಜ. ಆದರೆ ಏರಿದ ಕ್ಷಣದ ಕೊರತೆಯನ್ನು ತುಂಬುವುದು ಬ್ಯಾಟರಿ. ದಿನವೂ ಹಾಗೆ ಬತ್ತಿಸಿದ ಬ್ಯಾಟರಿ ಬಹುಕಾಲ ಬಾಳುವುದಿಲ್ಲ.

ಇನ್ನು, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ '3000 ವಾಟ್' ಎಂಬ ಮಾತನ್ನು ನಂಬಬೇಕಾಗಿಲ್ಲ. ಅದರ ಬದಿಯಲ್ಲಿರುವ ಫ್ಯೂಸನ್ನು ನೋಡಿ. 30 ಆಂಪಿಯರ್‌ನ ಎರಡು ಫ್ಯೂಸುಗಳಿದ್ದರೆ ಅದರೊಳಗೆ ಹರಿಯಬಲ್ಲದ್ದು ಸುಮಾರು 830 ವಾಟ್. ಒಳಗೆ ಹೋಗದ್ದು ಹೊರಗೆ ಬರುವುದು ಹೇಗೆ? ಜಾಹೀರಾತು ಸುಳ್ಳಾಡುವಲ್ಲಿ ಫ್ಯೂಸು ನಿಜ ನುಡಿಯುತ್ತದೆ!

ದೀಪ ಮಿಣುಕಿದಾಗ ಅನೇಕರು ಹಿಡಿಯುವ ದಾರಿ ಕೆಪಾಸಿಟರ್. ಒಂದು ಫ್ಯಾರಡ್‌ನ ಕೆಪಾಸಿಟರ್, ವೋಲ್ಟೇಜು 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವುದು 26 ಜೂಲ್ ಶಕ್ತಿಯನ್ನು ಮಾತ್ರ. 1000 ವಾಟ್‌ನ ಹಸಿವಿಗೆ ಅದು ಸೆಕೆಂಡಿನ ಸುಮಾರು ನಲವತ್ತನೇ ಒಂದು ಭಾಗಕ್ಕಷ್ಟೇ ಸಾಕು. ಮತ್ತೆ ಕೆಲವರು ಎರಡನೇ ಬ್ಯಾಟರಿ ಇರಿಸುತ್ತಾರೆ. ಮಾಳಿಗೆಯ ಮೇಲಿನ ಟ್ಯಾಂಕನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಬಾವಿಯಲ್ಲಿ ನೀರು ಹೆಚ್ಚುತ್ತದೆಯೇ? ಎಂಜಿನ್ ನಿಲ್ಲಿಸಿ ಹಾಡು ಕೇಳುವವರಿಗೆ ಅದು ಉಪಯೋಗಕ್ಕೆ ಬಂದೀತು. ಓಡುವ ಕಾರಿನಲ್ಲಿ ಅದನ್ನೂ ತುಂಬಿಸಬೇಕಾದದ್ದು ಅದೇ ಬಡ ಆಲ್ಟರ್ನೇಟರ್.

ಸರಿಯಾದ ಕ್ರಮ ಬೇರೆಯೇ ಇದೆ. ಮೊದಲು ಮೂರು ಮೂಲ ತಂತಿಗಳನ್ನು ದಪ್ಪಗೊಳಿಸಬೇಕು: ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ, ಬ್ಯಾಟರಿಯ ಋಣ ತುದಿಯಿಂದ ಕಾರಿನ ಮೈಗೆ, ಎಂಜಿನ್‌ನಿಂದ ಮೈಗೆ. ಇದು ಕಡಿಮೆ ಖರ್ಚಿನ ಕೆಲಸ. ಅದರಿಂದಲೂ ಸಾಲದಿದ್ದರೆ ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರ್. ಬ್ಯಾಟರಿಯ ಮಾತು ಆಮೇಲೆ. ಈಚಿನ ಹಲವು ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯಲ್ಲೇ ಒಂದು ಸೆನ್ಸರ್ ಇರುತ್ತದೆ. ಅರಿಯದವನು ಆಂಪ್ಲಿಫೈಯರ್‌ನ ತಂತಿಯನ್ನು ನೇರವಾಗಿ ಆ ತುದಿಗೇ ಬಿಗಿದರೆ ಸೆನ್ಸರಿನ ಲೆಕ್ಕ ತಪ್ಪಿ ಚಾರ್ಜಿಂಗ್ ವ್ಯವಸ್ಥೆಯೇ ಕೆಡಬಹುದು.

ನಿಜವಾದ ಅಪಾಯವಿರುವುದು ಬ್ಯಾಟರಿಯಿಂದ ಡಿಕ್ಕಿಯವರೆಗೆ ಕಾರ್ಪೆಟಿನ ಅಡಿಯಲ್ಲಿ ಸಾಗುವ ಆ ಒಂದು ತಂತಿಯಲ್ಲಿ. ಇಷ್ಟು ವಿದ್ಯುತ್ತಿಗೆ ಕನಿಷ್ಠ 4 ಗೇಜಿನ, ಅಂದರೆ ಸುಮಾರು 21 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿ ಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಮ್. ಅಲ್ಯೂಮಿನಿಯಮ್ಮಿನ ವಾಹಕ ಶಕ್ತಿಯು ತಾಮ್ರದ ಶೇ. 60ರಷ್ಟು ಮಾತ್ರ. ಬ್ಯಾಟರಿಯಿಂದ ಹೆಚ್ಚೆಂದರೆ 45 ಸೆಂಟಿಮೀಟರಿನೊಳಗೆ ಫ್ಯೂಸು ಇರಲೇಬೇಕು. ಆ ಫ್ಯೂಸು ಕಾಯುವುದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು. ತಂತಿಯು ಎಂಜಿನ್ ಕೋಣೆಯಿಂದ ಒಳಬರುವ ರಂಧ್ರಕ್ಕೆ ರಬ್ಬರ್ ಬುಶ್ ಹಾಕದಿದ್ದರೆ ಕಂಪನಕ್ಕೆ ತಗಡು ಅದರ ಹೊದಿಕೆಯನ್ನು ಮೆಲ್ಲಮೆಲ್ಲನೆ ಕೊರೆಯುತ್ತದೆ. ಹೊದಿಕೆ ಹರಿದು ತಾಮ್ರವು ಮೈಗೆ ತಾಗಿದರೆ, ಫ್ಯೂಸಿಲ್ಲದ ತಂತಿಯಲ್ಲಿ ನೂರಾರು ಆಂಪಿಯರ್ ಹರಿದು ಕ್ಷಣಮಾತ್ರದಲ್ಲಿ ಕೆಂಡವಾಗುತ್ತದೆ. ಅದರ ಮೇಲಿರುವುದು ಮಕ್ಕಳು ಕುಳಿತ ಸೀಟು.

ಇಷ್ಟಾದ ಮೇಲೆ ವಿಮೆಯ ಮೊರೆ ಹೋಗೋಣವೆಂದರೆ, ಕಂಪನಿಯ ಪಟ್ಟಿಯಲ್ಲಿಲ್ಲದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಘೋಷಿಸಿ ಪ್ರೀಮಿಯಂ ಕಟ್ಟಿರಬೇಕು. ಎಷ್ಟು ಮಂದಿ ಕಟ್ಟಿದ್ದಾರೆ?

ಹೊರಗಿನವರ ಮಾತನ್ನೂ ಆಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಸುಪ್ರೀಮ್ ಕೋರ್ಟು 2005ರ ಜುಲೈಯಲ್ಲಿ ನೀಡಿದ ತೀರ್ಪು, ಕೇಳಲಿಚ್ಛಿಸದವನನ್ನು ಬಲವಂತವಾಗಿ ಕೇಳಿಸುವ ಹಕ್ಕು ಯಾರಿಗೂ ಇಲ್ಲವೆಂಬ ನಿಲುವನ್ನು ತಾಳಿತು. ಮದುವೆಯ ದಿಬ್ಬಣದಲ್ಲಿ ಡಿಕ್ಕಿ ತೆರೆದು ಬೀದಿಗೆಲ್ಲ ಹಾಡು ಹಂಚುವವರಿಗೆ ಈ ಮಾತು ತಲುಪಿದಂತಿಲ್ಲ. ಆ ಬೀದಿಯ ಒಂದು ಮನೆಯಲ್ಲಿ ರೋಗಿಯಿರಬಹುದು, ಇನ್ನೊಂದರಲ್ಲಿ ಮರುದಿನ ಪರೀಕ್ಷೆ ಬರೆಯುವ ಹುಡುಗಿಯಿರಬಹುದು.

ಎಲ್ಲ ಹೊಣೆಯನ್ನೂ ಯುವಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ತಂತಿ ಎಳೆಯುವ ಹುಡುಗನೂ ಹೆಚ್ಚಿನ ಸಂದರ್ಭದಲ್ಲಿ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು, ಕಂಡು ಕಲಿತವನು. ಅವನ ಕೈಚಳಕದ ಬಗ್ಗೆ ನಮಗೆ ಗೌರವವಿದೆ. ಆದರೆ ಆಂಪಿಯರ್‌ನ ಲೆಕ್ಕವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಐಟಿಐಗಳಲ್ಲಿ ವಾಹನಗಳ ವಿದ್ಯುತ್ ಕೆಲಸಕ್ಕೆಂದೇ ತರಬೇತಿಯಿದೆ. ವೂಫರಿಗೆ ಸುರಿಯುವ ಹಣದ ಒಂದು ಪಾಲು ಅಂತಹ ಹುಡುಗನೊಬ್ಬನ ಶುಲ್ಕಕ್ಕೆ ಸಂದರೆ ಅವನ ಕೈಯಲ್ಲಿ ಹಾದುಹೋಗುವ ನೂರಾರು ಕಾರುಗಳು ಸುರಕ್ಷಿತವಾದಾವು.

ಸ್ಟೀರಿಯೋದ ಗೊಡವೆಯೇ ಇಲ್ಲದ ಕುಟುಂಬಗಳಿಗೂ ಒಂದು ಮಾತು. ಹಳೆಯ ಕಾರನ್ನು ಮಾರುವಾಗ ಮಾಲಕರು ಆಂಪ್ಲಿಫೈಯರನ್ನು ಕಳಚಿ ಇಟ್ಟುಕೊಳ್ಳುವುದುಂಟು. ತಂತಿ ಮಾತ್ರ ಕಾರ್ಪೆಟಿನಡಿ ಹಾಗೆಯೇ ಉಳಿಯುತ್ತದೆ, ಕೆಲವೊಮ್ಮೆ ಬ್ಯಾಟರಿಗೆ ಜೋಡಿಸಿಕೊಂಡೇ. ಕೊಳ್ಳುವ ಮೊದಲು ಬಾನೆಟ್ ತೆರೆದು, ಬ್ಯಾಟರಿಯ ಧನ ತುದಿಯಿಂದ ಹೊರಟ ಪ್ರತಿಯೊಂದು ತಂತಿಯೂ ಎಲ್ಲಿಗೆ ಹೋಗುತ್ತದೆ ಎಂದು ಮೆಕ್ಯಾನಿಕ್‌ನಿಂದ ತೋರಿಸಿಕೊಳ್ಳಿ.